ಗೇಮ್‌ಗಳ ಒಳಗೆ ಅಡಗಿರುವ ಸಣ್ಣ ಸಂಗತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಡಿಯೋ ಗೇಮ್ ಆಡುವ ಗೆಳೆಯರು, ಈಗಷ್ಟೇ ಶುರು ಮಾಡಿದ ತಮ್ಮಂದಿರು, ಮಕ್ಕಳ ಪಕ್ಕ ಕೂತು ನೋಡುವ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಕೆಲವಕ್ಕೆ ಉತ್ತರ ಉದ್ದವಾಗಿದೆ. ಇಷ್ಟದ ವಿಷಯ ಬಂದಾಗ ಬೇಗ ಮುಗಿಸಲು ನನ್ನಿಂದ ಆಗುವುದಿಲ್ಲ.

ಸಣ್ಣ ಸಂಗತಿ ಅಂದರೆ ಏನು? ಗ್ರಾಫಿಕ್ಸ್ ಚೆನ್ನಾಗಿರೋದಾ?

ಅಲ್ಲ. ಗ್ರಾಫಿಕ್ಸ್ ಮೊದಲ ನೋಟಕ್ಕೇ ಕಣ್ಣಿಗೆ ಬೀಳುತ್ತದೆ. ನಾನು ಹೇಳುತ್ತಿರುವುದು ಹುಡುಕದೆ ಸಿಗದಂಥದ್ದು.

2001ರಲ್ಲಿ ಬಂದ ಮೆಟಲ್ ಗೇರ್ ಸಾಲಿಡ್ 2ರಲ್ಲಿ ಒಂದು ದೊಡ್ಡ ಹಡಗು ಇದೆ. ಹಡಗಿನ ಒಳಗೆ ಒಂದು ಬಾರ್ ಕೌಂಟರ್. ಅಲ್ಲಿ ಐಸ್ ತುಂಬಿದ ಬಕೆಟ್ ಇಟ್ಟಿದ್ದಾರೆ. ಅದಕ್ಕೆ ಗುಂಡು ಹೊಡೆದರೆ ಐಸ್ ತುಂಡುಗಳು ಚೆಲ್ಲುತ್ತವೆ. ಸುಮ್ನೆ ಅಲ್ಲೇ ನಿಂತು ನೋಡಿ. ತುಂಡುಗಳು ನಿಧಾನವಾಗಿ ಕರಗಿ ಹೋಗುತ್ತವೆ. ಇದರಿಂದ ಪಾಯಿಂಟ್ ಸಿಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಎದುರಿಗೆ ಬಂದೂಕು ಹಿಡಿದ ಕಾವಲುಗಾರರು ಓಡಾಡುತ್ತಿರುವಾಗ ಐಸ್ ಕರಗುವುದನ್ನು ಯಾರು ನೋಡುತ್ತಾರೆ? ಆದರೂ ಒಬ್ಬರು ಕೂತು ಅದನ್ನು ಮಾಡಿದ್ದಾರೆ. 'ಯಾರಾದರೂ ನಿಂತು ನೋಡಿದರೆ?' ಅನ್ನುವ ಯೋಚನೆ ಅವರಿಗೆ ಬಂದಿದೆ. ನನಗೆ ಮುಖ್ಯ ಅನ್ನಿಸುವುದು ಆ ಯೋಚನೆಯೇ.

ಈಸ್ಟರ್ ಎಗ್ ಅಂತಾರಲ್ಲ, ಅದೂ ಇದೂ ಒಂದೇನಾ?

ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ಈಸ್ಟರ್ ಎಗ್ ಅಂದರೆ ಬೇಕಂತಲೇ ಬಚ್ಚಿಟ್ಟ ಗುಟ್ಟು. ಐಸ್ ಕರಗುವುದು ಗುಟ್ಟಲ್ಲ, ಆ ಲೋಕದ ನಡವಳಿಕೆ.

ಈಸ್ಟರ್ ಎಗ್ ಅನ್ನುವ ಹೆಸರು ಬಂದ ಕಥೆ ಗೊತ್ತಿರಬೇಕು. ಅಟಾರಿ ಕಂಪನಿಯ ಅಡ್ವೆಂಚರ್ ಅನ್ನುವ ಗೇಮ್ 1980ರ ಹೊತ್ತಿನದು. ಇಡೀ ಗೇಮ್ 4 ಕೆಬಿಯಲ್ಲಿ ಕೂತಿತ್ತು. ಆಗ ಅಟಾರಿ ಗೇಮ್ ಮಾಡಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ಇದನ್ನು ಒಬ್ಬರೇ ಮಾಡಿದ ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಒಳಗೆ ಒಂದು ಕೋಣೆ ಬಚ್ಚಿಟ್ಟರು. ನೆಲದ ಬಣ್ಣದಲ್ಲೇ ಬೆರೆತುಹೋಗಿರುವ ಒಂದು ಬೂದು ಚುಕ್ಕೆ. ಅದನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ತಂದರೆ ಗೋಡೆ ದಾಟಬಹುದು. ಆಚೆ ಕೋಣೆಯಲ್ಲಿ ಬಣ್ಣ ಬಣ್ಣವಾಗಿ ಮಿನುಗುವ ಅವರ ಹೆಸರು. ಆಡುವ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಕಂಪನಿ ಅದನ್ನು ಅಳಿಸಲಿಲ್ಲ. ಹಬ್ಬದ ದಿನ ಮಕ್ಕಳು ಹುಡುಕುವ ಮೊಟ್ಟೆಯ ಹಾಗೆ ಇದೂ ಇರಲಿ ಅಂದಿತು. ಹೆಸರು ಅಲ್ಲಿಂದ ಅಂಟಿಕೊಂಡಿತು.

ನನಗೆ ಈ ಕಥೆ ಕೇಳಿದಾಗಲೆಲ್ಲ ಸೋಮನಾಥಪುರ ನೆನಪಾಗುತ್ತದೆ. ಅಲ್ಲಿ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿದರೆ 'ಮಲ್ಲಿತಮ್ಮ' ಅಂತ ಕೆತ್ತಿದ ಹೆಸರು ಸಿಗುತ್ತದೆ. ನಮ್ಮ ಹೊಯ್ಸಳರ ಕಾಲದ ಶಿಲ್ಪಿಗೆ ಹೆಸರು ಬರೆಯಲು ಕದ್ದುಮುಚ್ಚಿ ಕೋಣೆ ಕಟ್ಟುವ ಅಗತ್ಯ ಇರಲಿಲ್ಲ. ಏಳುನೂರು ವರ್ಷ ಕಳೆದ ಮೇಲೆ ಬಂದ ರಾಬಿನೆಟ್‌ಗೆ ಇತ್ತು.

ನೀವು ಮೊದಲು ನೋಡಿದ ಈಸ್ಟರ್ ಎಗ್ ಯಾವುದು?

ಜಿಟಿಎ ವೈಸ್ ಸಿಟಿಯದು. ನನ್ನ ವಯಸ್ಸಿನ ತುಂಬಾ ಜನರ ಉತ್ತರ ಇದೇ ಇರಬಹುದು. ಊರಿನ ಬ್ರೌಸಿಂಗ್ ಸೆಂಟರ್‌ನಲ್ಲಿ ಆರು ಕಂಪ್ಯೂಟರ್, ಐದರಲ್ಲಿ ವೈಸ್ ಸಿಟಿ. ಗಂಟೆಗೆ ಇಪ್ಪತ್ತು ರೂಪಾಯಿ. ಒಂದು ದಿನ ನನಗಿಂತ ಎರಡು ಕ್ಲಾಸ್ ದೊಡ್ಡವನೊಬ್ಬ "ಬಾರೋ ಇಲ್ಲಿ, ಒಂದು ತೋರಿಸ್ತೀನಿ" ಅಂದ. ಹೆಲಿಕಾಪ್ಟರ್‌ನಲ್ಲಿ ಹೋಗಿ ಒಂದು ಕಟ್ಟಡದ ಮೇಲೆ ಇಳಿದ. ಎದುರಿನ ಕಟ್ಟಡದ ಕಿಟಕಿಗೆ ಸೀದಾ ಹಾರಿದ. ಡಿಕ್ಕಿ ಹೊಡೆದು ಕೆಳಗೆ ಬೀಳುತ್ತಾನೆ ಅಂದುಕೊಂಡರೆ ಒಳಗೇ ಹೋಗಿಬಿಟ್ಟ. ಖಾಲಿ ಕೋಣೆ. ಮಧ್ಯದಲ್ಲಿ ಒಂದು ಕಟ್ಟೆ, ಅದರ ಮೇಲೆ ಚಾಕೊಲೇಟ್ ಮೊಟ್ಟೆ, ಹಬ್ಬದ ಶುಭಾಶಯ. ಅಷ್ಟೇ. ಆಮೇಲೆ ಒಂದು ವಾರ ನಾನು ಆ ಊರಿನ ಪ್ರತಿ ಕಿಟಕಿಗೂ ಹಾರಿ ನೋಡಿದೆ.

ಅದರ ಮುಂದಿನ ಗೇಮ್ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೊಡ್ಡ ಸೇತುವೆಯ ತುತ್ತತುದಿಗೆ ಹೋದರೆ ಒಂದು ಫಲಕ ಇದೆ. ಇಲ್ಲಿ ಯಾವ ಈಸ್ಟರ್ ಎಗ್ಗೂ ಇಲ್ಲ, ಹೊರಟುಹೋಗಿ ಅಂತ ಅದರಲ್ಲಿ ಬರೆದಿದೆ. ನಾವು ಅಲ್ಲಿಗೆ ಹತ್ತಿಯೇ ಹತ್ತುತ್ತೇವೆ ಅಂತ ಅವರಿಗೆ ಗೊತ್ತಿತ್ತು, ಅಲ್ವಾ?

ರೆಡ್ ಡೆಡ್ ರಿಡೆಂಪ್ಷನ್ 2 ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡ್ತಾರೆ?

ಮಾತಾಡುವಂತೆಯೇ ಇದೆ. 2018ರಲ್ಲಿ ಬಂದ ಗೇಮ್ ಇದು. 1899ರ ಅಮೆರಿಕ, ಆರ್ಥರ್ ಮಾರ್ಗನ್ ಅನ್ನುವ ದರೋಡೆಕೋರ. ಈ ಗೇಮ್‌ನಲ್ಲಿ ಕಾಲ ನಿಜವಾಗಿ ಸರಿಯುತ್ತದೆ. ಆರ್ಥರ್‌ನ ಗಡ್ಡ ದಿನ ಕಳೆದಂತೆ ಬೆಳೆಯುತ್ತದೆ. ನೀವೇ ಬೋಳಿಸಬೇಕು, ಇಲ್ಲವೇ ಕ್ಷೌರದ ಅಂಗಡಿಗೆ ಹೋಗಬೇಕು. ಜಾಸ್ತಿ ತಿಂದರೆ ಮೈ ಬರುತ್ತದೆ, ಊಟ ಬಿಟ್ಟರೆ ಸೊರಗುತ್ತಾನೆ. ಬಂದೂಕಿಗೆ ಎಣ್ಣೆ ಹಾಕಿ ಒರೆಸದಿದ್ದರೆ ಅದರ ಹೊಡೆತ ಕುಗ್ಗುತ್ತದೆ. ಬಟ್ಟೆ ಮೇಲೆ ರಕ್ತ ಇಟ್ಟುಕೊಂಡು ಊರೊಳಗೆ ನಡೆದರೆ ದಾರಿಹೋಕರು ಸುಮ್ಮನೆ ಬಿಡುವುದಿಲ್ಲ, ಏನಾದರೂ ಅಂದೇ ಅನ್ನುತ್ತಾರೆ. ಗಂಡು ಕುದುರೆಯ ಬೀಜ ಚಳಿಗೆ ಕುಗ್ಗುತ್ತದೆ ಅನ್ನುವುದೂ ನಿಜ. ಈ ಗೇಮ್ ಆಡದವರಿಗೂ ಆ ಒಂದು ಸಂಗತಿ ಗೊತ್ತಿರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಒಂದು ಜಿಂಕೆಯನ್ನು ಹೊಡೆದಿದ್ದೆ. ಕುದುರೆ ಮೇಲೆ ಆಗಲೇ ಒಂದು ಇತ್ತು, ಹಾಗಾಗಿ ಬಿಟ್ಟು ಹೋದೆ. ಗೇಮ್‌ನ ಲೆಕ್ಕದಲ್ಲಿ ಕೆಲವು ದಿನ ಕಳೆದ ಮೇಲೆ ಅದೇ ದಾರಿಯಲ್ಲಿ ಬಂದೆ. ಜಿಂಕೆ ಅಲ್ಲೇ ಇತ್ತು. ಮೈ ಕೊಳೆತಿತ್ತು, ನೊಣ ಮುತ್ತಿತ್ತು. ಬೇರೆ ಗೇಮ್‌ಗಳಲ್ಲಿ ಸತ್ತದ್ದು ಬೆನ್ನು ತಿರುಗಿಸುವಷ್ಟರಲ್ಲಿ ಮಾಯವಾಗುತ್ತದೆ. ಇಲ್ಲಿ ಮಾಡಿದ್ದು ಉಳಿಯುತ್ತದೆ. ಅವತ್ತಿನಿಂದ ಬೇಡದ ಬೇಟೆ ಬಿಟ್ಟೆ. ಯಾವ ಸಂದೇಶವೂ ಪರದೆ ಮೇಲೆ ಬಂದಿರಲಿಲ್ಲ.

ಆರ್ಥರ್‌ನ ಡೈರಿಯನ್ನೂ ಮರೆಯದೆ ತೆರೆಯಿರಿ. ನೀವು ನೋಡಿದ ಜಾಗ, ಪ್ರಾಣಿಗಳನ್ನು ಅವನು ಪೆನ್ಸಿಲ್‌ನಲ್ಲಿ ಬಿಡಿಸಿರುತ್ತಾನೆ, ಪಕ್ಕದಲ್ಲಿ ಎರಡು ಸಾಲು ಬರೆದಿರುತ್ತಾನೆ. ಒರಟು ಮಾತಿನ ಈ ಮನುಷ್ಯನ ಒಳಗೆ ಇಂಥ ಮೆತ್ತಗಿನ ಕೈ ಇದೆ ಅಂತ ಗೊತ್ತಾಗುವುದು ಅಲ್ಲೇ. ಡೈರಿ ತೆರೆಯದೆಯೂ ಇಡೀ ಕಥೆ ಮುಗಿಸಬಹುದು. ಹಾಗೆ ಮುಗಿಸಿದವರು ಅರ್ಧ ಆರ್ಥರ್‌ನನ್ನು ಮಾತ್ರ ನೋಡಿದ್ದಾರೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಜೆಲ್ಡಾದಲ್ಲಿ ಇಷ್ಟೊಂದು ಸಂಗತಿ ಹೇಗೆ ತುಂಬಿಸಿದ್ದಾರೆ? ಎಲ್ಲವನ್ನೂ ಒಂದೊಂದಾಗಿ ಮಾಡಿದ್ದಾರಾ?

ಒಳ್ಳೆಯ ಪ್ರಶ್ನೆ. ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ 2017ರದ್ದು. ಇದರ ದಾರಿ ರೆಡ್ ಡೆಡ್‌ಗಿಂತ ಬೇರೆ. ಅಲ್ಲಿ ಒಂದೊಂದನ್ನೂ ಕೈಯಾರೆ ಕೆತ್ತಿದ ಹಾಗಿದೆ. ಇಲ್ಲಿ ಮೊದಲು ಕೆಲವು ನಿಯಮ ಹಾಕಿಕೊಂಡರು. ಬೆಂಕಿ ಮರವನ್ನು ಸುಡುತ್ತದೆ. ನೀರು ಬೆಂಕಿಯನ್ನು ಆರಿಸುತ್ತದೆ. ಲೋಹದಲ್ಲಿ ವಿದ್ಯುತ್ ಹರಿಯುತ್ತದೆ. ಈ ನಿಯಮಗಳ ಗುಂಪನ್ನು ಗೇಮ್ ಮಾಡಿದವರು ಕೆಮಿಸ್ಟ್ರಿ ಎಂಜಿನ್ ಅಂತಲೇ ಕರೆದರು. ಉಳಿದದ್ದು ಆ ನಿಯಮಗಳಿಂದ ತಾನಾಗಿಯೇ ಹುಟ್ಟುತ್ತದೆ.

ಸೇಬನ್ನು ಬೆಂಕಿ ಪಕ್ಕ ಇಟ್ಟರೆ ಸುಟ್ಟ ಸೇಬು ಆಗುತ್ತದೆ. ಮಾಂಸವನ್ನು ಹಿಮದ ಮೇಲೆ ಹಾಕಿದರೆ ಹೆಪ್ಪುಗಟ್ಟುತ್ತದೆ. ಅದನ್ನೇ ಬೆಂಕಿ ಬೆಟ್ಟದ ನೆಲದ ಮೇಲೆ ಹಾಕಿದರೆ ಬೇಯುತ್ತದೆ. ಅದೇ ಬೆಟ್ಟದ ಮೇಲೆ ಬಾಂಬ್ ಕಟ್ಟಿದ ಬಾಣ ತೆಗೆದರೆ ಬಿಲ್ಲಿನಲ್ಲಿದ್ದಾಗಲೇ ಸಿಡಿಯುತ್ತದೆ. ಶತ್ರು ಬಿಟ್ಟ ಬಾಣ ಮರದ ಗುರಾಣಿಗೆ ನಾಟಿಕೊಂಡರೆ ಆ ಬಾಣ ಆಮೇಲೆ ನಿಮ್ಮದು. ಚಳಿ ಜಾಗದಲ್ಲಿ ಬೆಂಕಿ ಕತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡರೆ ಮೈ ಬೆಚ್ಚಗಿರುತ್ತದೆ. ಕೊನೆಯದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. 'ಬೆಂಕಿ ಅಲ್ವಾ, ಬಿಸಿ ಇರಬೇಕಲ್ಲ' ಅಂತ ಕಟ್ಟಿಕೊಂಡು ನೋಡಿದೆ. ಗೇಮ್‌ನ ನಾಯಕ ಲಿಂಕ್‌ನ ನಡುಕ ನಿಂತಿತು.

ಸಿಡಿಲಿನದು ಇನ್ನೂ ಚೆನ್ನ. ಗುಡುಗು ಮಳೆಯಲ್ಲಿ ಕಬ್ಬಿಣದ ಕತ್ತಿ ಹಿಡಿದಿದ್ದರೆ ಮೊದಲು ಅದರ ಸುತ್ತ ಕಿಡಿ ಕಾಣಿಸುತ್ತದೆ. ಆಗಲೇ ಬಿಚ್ಚಿಡಬೇಕು. ಇಲ್ಲದಿದ್ದರೆ ಸಿಡಿಲು ನಿಮ್ಮ ಮೇಲೆ. ಆದರೆ ಆ ಕಿಡಿ ಬಂದ ಕತ್ತಿಯನ್ನೇ ಶತ್ರುಗಳ ಗುಂಪಿಗೆ ಎಸೆದರೆ? ಸಿಡಿಲು ಅಲ್ಲಿಗೆ ಹೋಗುತ್ತದೆ. ಶಿಕ್ಷೆಯಾಗಿ ಬಂದದ್ದು ಆಯುಧವಾಯಿತು. ಗದ್ದೆಯಲ್ಲಿ ಕೆಲಸ ಮಾಡುವಾಗ ಗುಡುಗಿದರೆ ಹಾರೆ, ಗುದ್ದಲಿ ಬಿಟ್ಟು ಬಾ ಅಂತ ಅಜ್ಜ ಕೂಗುತ್ತಿದ್ದರು. ಆ ಮಾತು ನೆನಪಿದ್ದವರಿಗೆ ಈ ನಿಯಮವನ್ನು ಯಾರೂ ಕಲಿಸಬೇಕಿಲ್ಲ. ಗೇಮ್ ನಮ್ಮ ಬದುಕಿನ ತಿಳುವಳಿಕೆಯನ್ನು ನಂಬುತ್ತದೆ. ಅದು ನನಗೆ ತುಂಬಾ ಇಷ್ಟ.

ನಾಯಿಗೆ ತಿನ್ನಲು ಕೊಟ್ಟರೆ ಅದು ಸ್ನೇಹ ಮಾಡಿಕೊಂಡು ಹೂತಿಟ್ಟ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗುತ್ತದೆ. ಆದರೆ ಅದರ ತಲೆ ಸವರಲು ಆಗುವುದಿಲ್ಲ. ಇಷ್ಟೆಲ್ಲ ಮಾಡಿದವರು ಅದೊಂದನ್ನು ಬಿಟ್ಟಿದ್ದು ನನಗೆ ಈಗಲೂ ಬೇಜಾರು.

ಒಬ್ಬ ಬಾಸ್ ವಯಸ್ಸಾಗಿ ಸಾಯ್ತಾನಂತೆ, ನಿಜಾನಾ?

ನಿಜ. ಬಾಸ್ ಅಂದರೆ ಗೇಮ್‌ನಲ್ಲಿ ಎದುರಾಗುವ ದೊಡ್ಡ ಶತ್ರು. ಇದು 2004ರ ಮೆಟಲ್ ಗೇರ್ ಸಾಲಿಡ್ 3. ದಿ ಎಂಡ್ ಅನ್ನುವ ಹಣ್ಣು ಹಣ್ಣು ಮುದುಕ, ಕಾಡಿನಲ್ಲಿ ಅಡಗಿ ದೂರದಿಂದ ಗುರಿಯಿಟ್ಟು ಹೊಡೆಯುವವನು. ಅವನ ಜೊತೆ ಹೋರಾಡುವಾಗ ಮಧ್ಯದಲ್ಲಿ ಸೇವ್ ಮಾಡಿ ಒಂದು ವಾರ ಗೇಮ್ ಮುಟ್ಟಬೇಡಿ. ವಾಪಸ್ ಬಂದರೆ ವಯಸ್ಸಾಗಿ ತೀರಿಕೊಂಡಿರುತ್ತಾನೆ. ಕನ್ಸೋಲ್‌ನ ಗಡಿಯಾರವನ್ನು ಮುಂದೆ ಇಟ್ಟರೂ ಆಗುತ್ತದೆ. ಇದನ್ನು ಮಾಡಿದ ಹಿಡಿಯೋ ಕೊಜಿಮಾ ಅವರ ಗೇಮ್‌ಗಳಲ್ಲಿ ಇಂಥದ್ದು ಬೇಕಾದಷ್ಟಿದೆ.

ಹಳೇ ಗೇಮ್‌ಗಳಲ್ಲಿ ಜಾಗವೇ ಇರಲಿಲ್ಲವಲ್ಲ. ಅಲ್ಲೂ ಇಂಥದ್ದು ಇತ್ತಾ?

ಇತ್ತು, ಬೇರೆ ರೀತಿಯಲ್ಲಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕೆಬಿ. ಅದರಲ್ಲಿ ಚಿತ್ರಗಳಿಗೆ ಸಿಕ್ಕಿದ್ದು 8 ಕೆಬಿ ಮಾತ್ರ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದರ ನೂರಾರು ಪಾಲು ದೊಡ್ಡದಿರುತ್ತದೆ. ಅದಕ್ಕೇ ಆಕಾಶದ ಮೋಡ ಮತ್ತು ನೆಲದ ಪೊದೆಗೆ ಒಂದೇ ಚಿತ್ರ ಬಳಸಿದರು. ಮೇಲೆ ಬಿಳಿ, ಕೆಳಗೆ ಹಸಿರು. ವರ್ಷಗಟ್ಟಲೆ ಆಡಿದವರಿಗೂ ಇದು ಕಂಡಿರುವುದಿಲ್ಲ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ.

ಮಗಳು ದಿನಾ ಮೈನ್‌ಕ್ರಾಫ್ಟ್ ಆಡ್ತಾಳೆ. ಅದರಲ್ಲಿ ಜೊತೆಗೆ ಕೂತು ನೋಡುವಂಥದ್ದು ಏನಿದೆ?

ಬೇಕಾದಷ್ಟಿದೆ. ಹಾಡಿನ ಪೆಟ್ಟಿಗೆಯಲ್ಲಿ ಡಿಸ್ಕ್ ಹಾಕಿ ಪಕ್ಕದಲ್ಲಿ ಗಿಳಿ ಬಿಡಿ, ಕುಣಿಯುತ್ತದೆ. ಬೆಕ್ಕು ಪೆಟ್ಟಿಗೆ ಮೇಲೆ ಕೂತರೆ ಪೆಟ್ಟಿಗೆ ತೆರೆಯುವುದಿಲ್ಲ. ಮನೆಯಲ್ಲಿ ಬೆಕ್ಕು ಸಾಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಶುರುವಿನ ಪರದೆಯಲ್ಲಿ ಹತ್ತು ಸಾವಿರಕ್ಕೊಮ್ಮೆ ಗೇಮ್‌ನ ಹೆಸರೇ ತಪ್ಪಾಗಿ 'ಮಿನ್ಸ್‌ರಾಫ್ಟ್' ಅಂತ ಬರುತ್ತದೆ. ಮಗಳಿಗೆ ಹೇಳಿ ನೋಡಿ, ನಾಳೆಯಿಂದ ಕಾಯುತ್ತಾಳೆ.

ಗಿಳಿಯದೇ ಇನ್ನೊಂದು ಕಥೆ. 2017ರಲ್ಲಿ ಗಿಳಿಗಳು ಬಂದಾಗ ಮೊದಲು ಚಾಕೊಲೇಟ್ ಚೂರಿನ ಕುಕಿ ತಿನ್ನಿಸಿ ಪಳಗಿಸಬಹುದಿತ್ತು. ನಿಜವಾದ ಗಿಳಿಗೆ ಚಾಕೊಲೇಟ್ ವಿಷ, ಮಕ್ಕಳು ಮನೆಯ ಗಿಳಿಗೂ ಕೊಟ್ಟಾರು ಅಂತ ಆಡುವವರು ಎಚ್ಚರಿಸಿದರು. ಮಾಡಿದವರು ಕೇಳಿಸಿಕೊಂಡರು. ಈಗ ಪಳಗಿಸಲು ಕಾಳು ಕೊಡಬೇಕು. ಕುಕಿ ಕೊಟ್ಟರೆ ಗಿಳಿ ಸತ್ತುಹೋಗುತ್ತದೆ.

ಮೊಲಕ್ಕೆ 'ಟೋಸ್ಟ್' ಅಂತ ಹೆಸರಿಟ್ಟು ನೋಡಿ. ಅದರ ಮೈ ಬಣ್ಣ ಕಪ್ಪು ಬಿಳಿ ಆಗುತ್ತದೆ. ಆಡುವವರೊಬ್ಬರ ಗೆಳತಿ ಸಾಕಿದ್ದ ಮೊಲ ಕಳೆದುಹೋಗಿತ್ತು. ಅದರ ಹೆಸರು ಟೋಸ್ಟ್. ಅದರ ನೆನಪಿಗೆ ಇದನ್ನು ಸೇರಿಸಿದರು. ಆ ಮೊಲ ಈಗ ಲೋಕದ ಎಷ್ಟೋ ಮಕ್ಕಳ ಮನೆಯಲ್ಲಿ ಓಡಾಡುತ್ತಿದೆ.

ಬಗ್ ಅಂದರೆ ತಪ್ಪು. ಅದನ್ನೂ ಜನ ಇಷ್ಟಪಡ್ತಾರೆ, ಯಾಕೆ?

ಕೆಲವು ತಪ್ಪುಗಳು ಅಷ್ಟು ಚೆನ್ನಾಗಿರುತ್ತವೆ. ಮೈನ್‌ಕ್ರಾಫ್ಟ್‌ನ ಕ್ರೀಪರ್ ಹುಟ್ಟಿದ್ದೇ ಹಾಗೆ. ಹಂದಿ ಮಾಡಲು ಹೋಗಿ ಉದ್ದ, ಎತ್ತರ ಅದಲುಬದಲಾದವು. ನೆಟ್ಟಗೆ ನಿಂತ ವಿಚಿತ್ರ ಪ್ರಾಣಿ ಬಂತು. ಅದನ್ನೇ ಉಳಿಸಿಕೊಂಡರು.

ಡ್ವಾರ್ಫ್ ಫೋರ್ಟ್ರೆಸ್ ಅನ್ನುವ ಗೇಮ್‌ನದು ನನ್ನ ಅಚ್ಚುಮೆಚ್ಚು. 2015ರಲ್ಲಿ ಅದಕ್ಕೆ ಹೆಂಡದಂಗಡಿಗಳು ಬಂದವು. ಬಂದ ಮೇಲೆ ಬೆಕ್ಕುಗಳು ಸಾಯತೊಡಗಿದವು. ಯಾಕೆ ಅಂತ ಹುಡುಕಿದರೆ ಸಿಕ್ಕಿದ್ದು ಇದು: ಅಂಗಡಿಯಲ್ಲಿ ಹೆಂಡ ನೆಲಕ್ಕೆ ಚೆಲ್ಲುತ್ತದೆ. ಬೆಕ್ಕು ಅದರ ಮೇಲೆ ನಡೆಯುತ್ತದೆ. ಆಮೇಲೆ ಪಾದ ನೆಕ್ಕಿ ಮೈ ಶುಚಿ ಮಾಡಿಕೊಳ್ಳುತ್ತದೆ. ಲೆಕ್ಕದಲ್ಲಿ ಆದ ತಪ್ಪಿನಿಂದ ಒಂದು ನೆಕ್ಕುವಿಕೆ ಒಂದು ಇಡೀ ಲೋಟಕ್ಕೆ ಸಮ. ಪಾಪ, ಬೆಕ್ಕು. ತಪ್ಪಿದ್ದದ್ದು ಆ ಅಳತೆಯಲ್ಲಿ ಮಾತ್ರ. ಬೆಕ್ಕು ಪಾದ ನೆಕ್ಕುತ್ತದೆ ಅನ್ನುವುದನ್ನು ಗೇಮ್ ಒಳಗೆ ಬರೆದಿಟ್ಟವರು ಇದ್ದಾರಲ್ಲ, ಅವರನ್ನು ನಾನು ಮೆಚ್ಚುತ್ತೇನೆ.

ನಮ್ಮ ಕರ್ನಾಟಕ ಯಾವುದಾದರೂ ದೊಡ್ಡ ಗೇಮ್‌ನಲ್ಲಿ ಇದೆಯಾ?

ಇದೆ. 2017ರ ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ. ಕ್ಲೋಯಿ ಫ್ರೇಜರ್ ಮತ್ತು ನಾಡೀನ್ ರಾಸ್ ಗಣೇಶನ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಹೊಯ್ಸಳ, ಹಳೇಬೀಡು, ಬೇಲೂರು ಅನ್ನುವ ಹೆಸರುಗಳು ಅವರ ಬಾಯಲ್ಲಿ ಬರುತ್ತವೆ. ಮೊದಲ ಸಲ ಕೇಳಿದಾಗ ನಾನು ಕಂಟ್ರೋಲರ್ ಕೆಳಗಿಟ್ಟು ಅಮ್ಮನನ್ನು ಕೂಗಿದೆ. ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿದ ಕಥೆಯೂ ಇದೆ. ಕಾಡಿನಲ್ಲಿ ಚದುರಿರುವ ಹೊಯ್ಸಳ ನಾಣ್ಯಗಳನ್ನೆಲ್ಲ ಕೂಡಿಸಿದರೆ ಒಂದು ಬಳೆ ಸಿಗುತ್ತದೆ. ನಿಧಿ ಹತ್ತಿರವಿದ್ದರೆ ಅದು ಸದ್ದು ಮಾಡಿ ತಿಳಿಸುತ್ತದೆ.

ಅಲ್ಲಿನ ಹಳೇಬೀಡು ನಮ್ಮ ಹಳೇಬೀಡಲ್ಲ, ಅದನ್ನೂ ಹೇಳಬೇಕು. ಗೇಮ್‌ನಲ್ಲಿ ದಟ್ಟ ಕಾಡು, ಭೋರ್ಗರೆಯುವ ಜಲಪಾತ, ಬೆಟ್ಟದೆತ್ತರದ ಮೂರ್ತಿಗಳು. ನಿಜವಾದ ದೇವಸ್ಥಾನ ಬಯಲಿನಲ್ಲಿ, ಕೆರೆಯ ಪಕ್ಕ ಕೂತಿದೆ. ಅದರ ದೊಡ್ಡಸ್ತಿಕೆ ಇರುವುದು ಎತ್ತರದಲ್ಲಲ್ಲ, ಬೆರಳಿನ ಅಗಲದ ಕೆತ್ತನೆಯಲ್ಲಿ. ಬೇಲೂರಿನಲ್ಲಿ ಒಬ್ಬಳು ಮದನಿಕೆಯ ತಲೆ ಮೇಲಿನ ಬಳ್ಳಿ ಚಪ್ಪರವನ್ನು ಗೈಡ್ ತೋರಿಸುತ್ತಾರೆ. ಅಲ್ಲೊಂದು ಹಣ್ಣು, ಹಣ್ಣಿನ ಮೇಲೆ ನೊಣ, ನೊಣದ ಮೇಲೆ ಎರಗಲು ಕಾದಿರುವ ಹಲ್ಲಿ. ಕೆಳಗೆ ನಿಂತವರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಗೇಮ್ ಮಾಡಿದವರು ಹೊಯ್ಸಳರಿಂದ ಎತ್ತರದ ಬದಲು ಇದನ್ನು ತೆಗೆದುಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಆಸೆ.

ಯಾರೂ ನೋಡದ ಸಂಗತಿಗೆ ಇಷ್ಟು ಶ್ರಮ ಯಾಕೆ?

ಕೆಲವನ್ನು ನಿಜಕ್ಕೂ ಯಾರೂ ನೋಡುವುದಿಲ್ಲ. 2009ರ ಬ್ಯಾಟ್‌ಮನ್: ಆರ್ಕಮ್ ಅಸೈಲಮ್‌ನಲ್ಲಿ ಮುಖ್ಯ ಅಧಿಕಾರಿಯ ಕಚೇರಿಯ ಒಂದು ಗೋಡೆ ಒಡೆಯುತ್ತದೆ. ಅದಕ್ಕೆ ಯಾವ ಗುರುತೂ ಇಲ್ಲ. ಒಳಗೆ ಮುಂದಿನ ಗೇಮ್‌ನ ಊರಿನ ನಕ್ಷೆ ಇತ್ತು. ಯಾರಿಗೂ ಸಿಗಲಿಲ್ಲ. ಕೊನೆಗೆ ಮಾಡಿದವರೇ ಬಾಯಿಬಿಟ್ಟು ಹೇಳಬೇಕಾಯಿತು.

ಶ್ರಮದ ಇನ್ನೊಂದು ಮುಖವೂ ಇದೆ. ರೆಡ್ ಡೆಡ್ 2 ಬಿಡುಗಡೆಯ ಹೊತ್ತಿನಲ್ಲಿ ಅದನ್ನು ಮಾಡಿದವರು ವಾರಕ್ಕೆ ಎಷ್ಟು ಗಂಟೆ ದುಡಿದರು ಅನ್ನುವುದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ನನಗೆ ಐಸ್ ಕರಗಬೇಕು, ಗಡ್ಡ ಬೆಳೆಯಬೇಕು, ನಿಜ. ಅದಕ್ಕಾಗಿ ಯಾರೂ ಮನೆ, ನಿದ್ದೆ ಬಿಡಬಾರದು. ಗೇಮ್ ಒಂದು ವರ್ಷ ತಡವಾಗಿ ಬಂದರೆ ನಾನು ಕಾಯುತ್ತೇನೆ.

ನನ್ನ ಹತ್ತಿರ ಹಳೇ ಲ್ಯಾಪ್‌ಟಾಪ್, ಫೋನ್ ಬಿಟ್ಟರೆ ಏನೂ ಇಲ್ಲ. ಏನು ಆಡಲಿ?

ಸ್ಟಾರ್‌ಡ್ಯೂ ವ್ಯಾಲಿ. 2016ರದ್ದು, ಫೋನಿನಲ್ಲೂ ಸಿಗುತ್ತದೆ. ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ ಬೇಸಾಯದ ಗೇಮ್. ಅದರಲ್ಲಿ ನೀವು ಊರವರ ಕಣ್ಣೆದುರು ಕಸದ ಡಬ್ಬಿಗೆ ಕೈ ಹಾಕಿದರೆ ಅವರು ಅಸಹ್ಯ ಪಡುತ್ತಾರೆ, ಸ್ನೇಹ ಕಡಿಮೆಯಾಗುತ್ತದೆ. ಲೈನಸ್ ಒಬ್ಬ ಮಾತ್ರ ಏನೂ ಅಂದುಕೊಳ್ಳುವುದಿಲ್ಲ. ಅವನು ಊರಾಚೆ ಡೇರೆಯಲ್ಲಿ ಇರುವ ಬಡವ. ಈ ಒಂದರಲ್ಲೇ ಆ ಮನುಷ್ಯ ಪೂರ್ತಿ ಕಾಣುತ್ತಾನೆ.

ಇಂಥವನ್ನು ನಾನೇ ಹುಡುಕೋದು ಹೇಗೆ?

ನಿಲ್ಲಿ. ಅದೇ ಮೊದಲನೆಯದು. ಓಡುತ್ತಿದ್ದರೆ ಏನೂ ಕಾಣುವುದಿಲ್ಲ. ಕಂಟ್ರೋಲರ್ ಕೆಳಗಿಟ್ಟು ಎರಡು ನಿಮಿಷ ನಿಮ್ಮ ಪಾತ್ರ ಏನು ಮಾಡುತ್ತದೆ ನೋಡಿ. 1996ರ ಸೂಪರ್ ಮಾರಿಯೋ 64ರಲ್ಲಿ ಮಾರಿಯೋ ಆಕಳಿಸಿ ಮಲಗಿಬಿಡುತ್ತಾನೆ, ಇನ್ನೂ ಕಾದರೆ ನಿದ್ದೆಯಲ್ಲಿ ತಿಂಡಿ ಹೆಸರು ಕನವರಿಸುತ್ತಾನೆ. ಮಳೆ ಬಂದಾಗ, ರಾತ್ರಿಯಾದಾಗ ಅದೇ ಜಾಗಕ್ಕೆ ಮತ್ತೆ ಹೋಗಿ. ಮಾತಾಡಿ ಆದವರನ್ನು ಇನ್ನೊಮ್ಮೆ ಮಾತಾಡಿಸಿ. ಕಾರು ನಿಲ್ಲಿಸಿ ಇಳಿದ ಮೇಲೆ ಕಿವಿಗೊಡಿ. ಜಿಟಿಎ 5ರಲ್ಲಿ ಬಿಸಿ ಎಂಜಿನ್ ಆರುವಾಗಿನ ಟಿಕ್ ಟಿಕ್ ಸದ್ದು ಕೇಳುತ್ತದೆ. ದಿ ಲಾಸ್ಟ್ ಆಫ್ ಅಸ್ 2ರಲ್ಲಿ ಒಬ್ಬ ಶತ್ರು ಬಿದ್ದರೆ ಅವನ ಜೊತೆಗಾರ ಹೆಸರು ಹಿಡಿದು ಕೂಗುತ್ತಾನೆ. ಅದನ್ನು ಕೇಳಿಸಿಕೊಂಡ ಮೇಲೆ ಮುಂದಿನ ಗುಂಡು ಹೊಡೆಯುವುದು ಕಷ್ಟ. ಕನ್ನಡಿ ಇದ್ದರೆ ಅದರ ಮುಂದೆ ನಿಲ್ಲಿ.

ಕನ್ನಡಿಯಲ್ಲಿ ಏನಿರುತ್ತದೆ?

ಸೂಪರ್ ಮಾರಿಯೋ 64ನ್ನೇ ಮತ್ತೆ ಹೇಳುತ್ತೇನೆ. ಆಟದ ಶುರುವಿನಲ್ಲಿ ಲಕಿಟು ಅನ್ನುವ ಪುಟ್ಟ ಪ್ರಾಣಿ ಮೋಡದ ಮೇಲೆ ಕೂತು, ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡು ಬರುತ್ತದೆ. ನಾವು ನೋಡುವುದೆಲ್ಲ ಅದು ತೆಗೆಯುತ್ತಿರುವ ಚಿತ್ರ ಅಂತ ಹೇಳುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲರೂ ಮರೆತುಬಿಡುತ್ತಾರೆ. ಕೋಟೆಯ ಮೇಲಿನ ಮಹಡಿಯಲ್ಲಿ ಒಂದು ಗೋಡೆಯಷ್ಟು ದೊಡ್ಡ ಕನ್ನಡಿ ಇರುವ ಕೋಣೆ ಇದೆ.

ಕಳೆದ ರಜೆಯಲ್ಲಿ ಅಕ್ಕನ ಮಗ ಬಂದಿದ್ದ, ಎಂಟು ವರ್ಷ. ಅವನೇ ಆಡುತ್ತಿದ್ದ, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ಕೋಣೆಗೆ ಹೋದ. ಕನ್ನಡಿಯಲ್ಲಿ ಮಾರಿಯೋ ಕಂಡ, ಅವನ ಹಿಂದೆ ಗಾಳಿಯಲ್ಲಿ ಇನ್ನೊಂದು ಏನೋ ತೇಲುತ್ತಿತ್ತು. ತಿರುಗಿ ನೋಡಿದ, ಯಾರೂ ಇಲ್ಲ. ಮತ್ತೆ ಕನ್ನಡಿ ನೋಡಿದ, ಮೋಡ ಅಲ್ಲೇ ಇತ್ತು, ಕ್ಯಾಮೆರಾ ನಮ್ಮ ಕಡೆಗೇ ಹಿಡಿದಿತ್ತು. ಎಡಕ್ಕೆ ಸರಿದ, ಅದೂ ಸರಿಯಿತು. ಬಲಕ್ಕೆ ಸರಿದ. ಆಮೇಲೆ ಮೆಲ್ಲಗೆ ನನ್ನ ತೋಳು ಹಿಡಿದು ಕೇಳಿದ: "ಮಾಮಾ, ಇಷ್ಟೊತ್ತೂ ಇವನು ನಮ್ಮ ಜೊತೇನೇ ಇದ್ನಾ?"